ತಣ್ಣಗಿದ್ದಾಗ ನೋಡಬೇಕಾದ ಗಾಳಿ

ಡೊಂಬಿವಲಿ ಎಂಐಡಿಸಿ
ಮಂಗಳವಾರ, ೬ ಜನವರಿ ೨೦೨೬

ಚಿರಂಜೀವಿ ನಿಶಾಳಿಗೆ ಅಮ್ಮನ ತುಂಬು ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ರೂಢಿ. ಕೈಕಾಲು ಮುರಿದುಕೊಂಡಿಲ್ಲ ಎಂಬ ಅರ್ಥದಲ್ಲಿ ನಾವು ಕ್ಷೇಮವೇ. ಪತ್ರ ಬರೆಯಲು ತಡವಾಯಿತು, ಕ್ಷಮಿಸು. ಭಾನುವಾರವೇ ಬರೆಯಬೇಕೆಂದು ಕುಳಿತಿದ್ದೆ, ಮೂರು ಹಾಳೆ ಕೆಡಿಸಿ ಎದ್ದೆ. ಡೊಂಬಿವಲಿಯಿಂದ ಇಲ್ಲೇ ಹತ್ತಿರದ ಖಾರಘರಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನೀನು ನಗುತ್ತೀ. ಏನು ಮಾಡಲಿ? ಫೋನಿನಲ್ಲಿ ನಾನು ಅಪ್ಪ ಎಂದು ಬಾಯಿ ತೆರೆದರೆ ಸಾಕು, "ಅಮ್ಮಾ, ತೋ ವಿಷಯ್ ನಕೋ", ಆ ವಿಷಯ ಬೇಡ, ಎಂದು ಮರಾಠಿಯಲ್ಲಿ ಹೇಳಿ ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಓದಿಯೇ ಓದುತ್ತೀ. ತಟ್ಟೆಯಲ್ಲಿ ಅಕ್ಕಿ ಹರವಿ, ಬೆರಳು ಹಿಡಿದು, ಅಳಿಸಿ ಅಳಿಸಿ ನಿನಗೆ ಕನ್ನಡ ಕಲಿಸಿದ್ದು ಇಂಥ ದಿನಕ್ಕೇ ಇರಬೇಕು.

ಈ ಸಲ ನಮ್ಮ ಡೊಂಬಿವಲಿಗೂ ಚಳಿ ಬಂದಿದೆ. ಹಾಲಿನವನು ಮಂಕಿಕ್ಯಾಪ್ ಹಾಕಿಕೊಂಡು ಬರುತ್ತಾನೆ, ಯಾರೆಂದು ಗುರುತೇ ಸಿಗುವುದಿಲ್ಲ. ನಮ್ಮ ಹೋಟೆಲಿನಲ್ಲಿ ದೋಸೆಹಿಟ್ಟು ಹುಳಿ ಬರಲು ಹಟ ಮಾಡುತ್ತಿದೆ. ಭಟ್ಟಿಯ ಹತ್ತಿರ ಹಿಟ್ಟಿನ ಡ್ರಮ್ಮಿಗೆ ಕಂಬಳಿ ಹೊದಿಸಿಟ್ಟು ಅಡುಗೆಯ ಸಿದ್ರಾಮ ಕಾವಲು ಕೂರುತ್ತಾನೆ. "ಬಾಣಂತಿ ಜ್ವಾಪಾನ ಮಾಡಿದಂಗ ಮಾಡಾಕತ್ತೀನ್ರಿ ಅಮ್ಮಾರ" ಎನ್ನುತ್ತಾನೆ. ನಿನ್ನನ್ನು ಕೇಳಿದ. ಅವನು ಯಾವಾಗಲೂ ಕೇಳುತ್ತಾನೆ, ನಿನ್ನ ಅಪ್ಪನ ಎದುರಿಗೇ ಕೇಳುತ್ತಾನೆ. ಅವನಿಗಿರುವ ಧೈರ್ಯ ನನಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸುತ್ತಿಬಳಸಿ ಹೇಳಿದರೆ ನಿನಗೆ ಸಿಟ್ಟು. ಮೊನ್ನೆ ಭಾನುವಾರ ಕಸಾರಾ ಘಾಟಿ ಇಳಿಯುವಾಗ ನಮ್ಮ ಕಾರಿನ ಮುಂದಿನ ಎಡಗಡೆಯ ಟಯರು ಒಡೆಯಿತು. ಕಾರಿನಲ್ಲಿ ನಿನ್ನ ಅಪ್ಪ, ನಾನು. ಹಿಂದೆ ಟೊಮೆಟೊ ಕ್ರೇಟು ಮತ್ತು ಅಕ್ಕಿ.

ಗಾಬರಿಯಾಗಬೇಡ, ಇಬ್ಬರೂ ಮನೆಯಲ್ಲಿದ್ದೇವೆ. ಆದರೆ ನನಗೆ ಇನ್ನೂ ಮನೆಗೆ ಬಂದು ಮುಟ್ಟಿದ ಹಾಗೆ ಆಗಿಲ್ಲ.

ಚಳಿಗಾಲದ ಭಾನುವಾರಗಳಲ್ಲಿ ಘಾಟಿಯ ಮೇಲಿನ ಘೋಟಿಗೆ ಹೋಗಿ ಅಕ್ಕಿ, ತರಕಾರಿ ತರುವುದನ್ನು ಅವರು ಬಿಟ್ಟಿಲ್ಲ. ಕಲ್ಯಾಣದ ಮಾರ್ಕೆಟ್ಟು ಕಾಲಬುಡದಲ್ಲಿದೆ ಎಂದರೆ, "ಘೋಟಿ ಅಕ್ಕಿಯ ಇಡ್ಲಿ ತಿಂದವ ಕಲ್ಯಾಣದ್ದು ತಿನ್ನುದಿಲ್ಲ ಮಾರಾಯ್ತಿ" ಎನ್ನುತ್ತಾರೆ. ಮೊದಲು ನೀವಿಬ್ಬರೂ ಹೋಗುತ್ತಿದ್ದಿರಿ. ಹೊರಡುವ ಮುಂಚೆ ಆ ಚಳಿಯಲ್ಲಿ ನೀನು ಕುಕ್ಕರುಗಾಲಿನಲ್ಲಿ ಕುಳಿತು ನಾಲ್ಕೂ ಚಕ್ರಕ್ಕೆ ಗಾಳಿ ಅಳೆಯುವ ಗೇಜು ಇಟ್ಟು ನೋಡದೆ ಅವರಿಗೆ ಚಾವಿ ಕೊಡುತ್ತಿರಲಿಲ್ಲ. ಅವರು ಗೊಣಗುತ್ತಿದ್ದರು, ಆದರೆ ಕಾಯುತ್ತಿದ್ದರು. ನೀನು ಹೋದ ಮೇಲೆ ಗೇಜು ಮುಟ್ಟುವವರಿಲ್ಲ. ಒಬ್ಬರೇ ಹೋಗುತ್ತಾರಲ್ಲ ಎಂದು ಈ ಸಲ ನಾನು ಜೊತೆಗೆ ಹೊರಟಿದ್ದೆ.

ಹಳೆಯದನ್ನು ಕೆದಕುವ ಆಸೆ ನನಗಿಲ್ಲ. ಗಲ್ಲೆಯಲ್ಲಿ ದುಡ್ಡು ತೆಗೆದುಕೊಳ್ಳಲು ಹೆಣ್ಣುಮಗು ಕೂರುವ ಪದ್ಧತಿ ನಮ್ಮ ಹೋಟೆಲಿನಲ್ಲಿ ಇಲ್ಲ ಎಂದು ಹೇಳಿ, ಇಂಜಿನಿಯರಿಂಗ್ ಓದಿದ ಮಗಳನ್ನು ಬಿಟ್ಟು, ಅವರು ಊರಿನಿಂದ ತಮ್ಮ ತಂಗಿಯ ಮಗ ಸೂರಜನನ್ನು ಕರೆಸಿ ಕೂರಿಸಿದ್ದು ತಪ್ಪೇ. ನಾನು ಅವತ್ತೂ ತಪ್ಪು ಎಂದಿದ್ದೆ, ಇವತ್ತೂ ಅನ್ನುತ್ತೇನೆ. ನೀನು ಬ್ಯಾಗು ಹಿಡಿದು ಇಳಿಯುವಾಗ, "ಇನ್ನು ನಿಮ್ಮ ಗಾಡಿಯ ಗಾಳಿಯನ್ನೂ ಸೂರಜನೇ ನೋಡಲಿ" ಎಂದೆಯಲ್ಲ, ಅದು ಅವರಿಗೆ ಎಲ್ಲಿ ನಾಟಿತೋ ಕಾಣೆ. ಅಂದಿನಿಂದ ಯಾರಾದರೂ ಗೇಜಿನ ಮಾತೆತ್ತಿದರೆ ಮುಖ ಕೆಂಪಾಗುತ್ತದೆ. ಮೂರು ಚಳಿಗಾಲ ಕಳೆದವು. ಸೂರಜ್ ಪಾಪದವನು, ಮಾಮನ ಎದುರು ಉಸಿರು ಬಿಡಲೂ ಹೆದರುತ್ತಾನೆ, ಟಯರಿನ ಉಸಿರು ಎಲ್ಲಿ ನೋಡುತ್ತಾನೆ!

ಕಾರಿನಲ್ಲಿ ಟಯರಿನ ಗಾಳಿ ಕಡಿಮೆಯಾದರೆ ಉರಿಯುವ ಆ ಹಳದಿ ದೀಪ ಇದೆಯಲ್ಲ, ಕುದುರೆ ಲಾಳದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವುದು, ಡಿಸೆಂಬರಿನಿಂದ ಅದು ಪ್ರತಿದಿನ ಬೆಳಿಗ್ಗೆ ಉರಿಯತೊಡಗಿತು. ಎಂಐಡಿಸಿ ರಸ್ತೆ ದಾಟಿ ಒಂದಷ್ಟು ದೂರ ಓಡಿದ ಮೇಲೆ ತಾನಾಗಿ ಆರಿಹೋಗುತ್ತಿತ್ತು. ನಾನು ಕೇಳಿದೆ. ಅವರು ನಕ್ಕರು. "ಕಾವಲಿ ತಣ್ಣಗಿರುವಾಗ ಮೊದಲ ದೋಸೆ ಏಳುದುಂಟಾ? ಕಾದ ಮೇಲೆ ಎಲ್ಲ ಸಮ ಆಗ್ತದೆ. ಇದೂ ಹಾಗೇ, ಬಿಸಿಯಾದ ಮೇಲೆ ಹೋಗ್ತದೆ. ಸುಳ್ಳು ದೀಪ." ಸುಳ್ಳು ದೀಪವಾದರೂ ಉರಿಯುವುದು ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಸರಿಯಾಗಿ ಕೃಷ್ಣನ ಸ್ಟಿಕ್ಕರ್ ಅಂಟಿಸಿದರು. ಕಡೆಗೋಲು ಹಿಡಿದ ಕೃಷ್ಣ. ನಾನು ಕೈಮುಗಿದೆ. ದೇವರನ್ನು ಕಿತ್ತು ತೆಗೆಯಲು ನನಗೆ ಕೈ ಬರುವುದಿಲ್ಲ ಎಂದು ಅವರಿಗೆ ಗೊತ್ತು.

ಭಾನುವಾರ ಹೊರಟಾಗ ಚೆನ್ನಾಗಿ ಕತ್ತಲಿತ್ತು. ಶಹಾಪುರ ದಾಟುವಾಗ ಗಾಜಿನ ಮೇಲೆ ಮಂಜು. ಘೋಟಿಯಲ್ಲಿ ಇಳಿದರೆ ಮಾತಾಡಿದವರ ಬಾಯಿಯಿಂದೆಲ್ಲ ಹೊಗೆ. ಸಾಮಾನು ತುಂಬಿಸುವಾಗ ಮುಂದಿನ ಚಕ್ರ ನೆಲಕ್ಕೆ ಅಗಲವಾಗಿ ಕೂತಂತೆ ಕಂಡಿತು. ಹೇಳಿದೆ. ಅವರು ಚಪ್ಪಲಿ ಕಾಲಿನಿಂದ ಒಂದು ಒದ್ದು, "ಕಲ್ಲಿನ ಹಾಗೆ ಉಂಟು" ಎಂದರು. ಬರುವಾಗ ಸ್ಟಿಯರಿಂಗು ಎಡಕ್ಕೆ ಜಗ್ಗುತ್ತಿದೆ ಎಂದು ಅವರೇ ಎರಡು ಸಲ ಅಂದರು. ರಸ್ತೆ ವಾಲಿದೆ ಎಂದು ಅವರೇ ಸಮಾಧಾನವನ್ನೂ ಹೇಳಿಕೊಂಡರು.

ಘಾಟಿಯ ಅರ್ಧ ಇಳಿದಿದ್ದೆವು. ದೊಡ್ಡ ಸದ್ದೇನೂ ಅಲ್ಲ ನಿಶಾ, ಪಟಾಕಿಯ ಹಾಗೆ ಆಗುತ್ತದೆ ಎನ್ನುತ್ತಾರಲ್ಲ, ಹಾಗಲ್ಲ. ಧಪ್ ಎಂದಿತು, ಆಮೇಲೆ ಕಬ್ಬಿಣ ರಸ್ತೆಗೆ ಉಜ್ಜುವ ಸದ್ದು. ಕಾರು ಎಡಕ್ಕೆ ಹಾರಿತು. ಎಡಕ್ಕೆ ಕಣಿವೆ. ಹಿಂದಿನಿಂದ ಒಂದು ಟ್ರಕ್ಕು ಹಾರ್ನು ಒತ್ತುತ್ತಲೇ ಇತ್ತು, ಆ ಹಾರ್ನು ನನ್ನ ಬೆನ್ನಿನೊಳಗೇ ಕೇಳುತ್ತಿತ್ತು. ತಡೆಗೋಡೆಗೆ ಬಾಗಿಲು ಉಜ್ಜುತ್ತಾ ಉಜ್ಜುತ್ತಾ ಹೋಗಿ ಕಾರು ನಿಂತಿತು. ನನ್ನ ಕಿಟಕಿಯಿಂದ ಕೆಳಗೆ ನೋಡಿದರೆ ಬಿಳಿ ಮಂಜು ಮಾತ್ರ, ನೆಲವೇ ಇಲ್ಲ. ಜೀವ ಬಾಯಿಗೆ ಬರುವುದು ಎಂದರೇನೆಂದು ಇಷ್ಟು ವಯಸ್ಸಾದ ಮೇಲೆ ತಿಳಿಯಿತು. ಟ್ರಕ್ಕು ನಮ್ಮನ್ನು ಸವರಿಕೊಂಡು ಹೋಯಿತು.

ಹೋಟೆಲಿನಲ್ಲಿ ಎಲ್ಲರಿಗೂ ಮೊಳೆ ಚುಚ್ಚಿತ್ತು ಎಂದು ಹೇಳಿದ್ದಾರೆ. ಒಡೆದ ಟಯರನ್ನು ನಾನು ನೋಡಿದೆ. ಮೊಳೆಯೂ ಇಲ್ಲ, ಮಣ್ಣೂ ಇಲ್ಲ. ಬದಿಯ ರಬ್ಬರು ಸುತ್ತಲೂ ಹರಿದು, ಒಳಗೆ ಸುಟ್ಟ ಕರಿಯ ಪುಡಿ ತುಂಬಿತ್ತು. ಗಾಳಿ ಕಡಿಮೆ ಇದ್ದು ಭಾರ ಹೊತ್ತು ಓಡಿದರೆ ಟಯರು ಮಡಚಿ ಮಡಚಿ ಒಳಗಿಂದಲೇ ಕಾದು ಸಾಯುತ್ತದೆ ಎಂದು ನೀನೇ ಒಮ್ಮೆ ಚಪಾತಿ ಲಟ್ಟಿಸುತ್ತಾ ಹೇಳಿದ್ದೆ. ನಾನು ಆಗ ಹೂಂ ಅಂದಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ.

ಇನ್ನೂ ಒಂದು ನೆನಪಾಯಿತು. ನಿನ್ನೆ ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದೆ. ಅರ್ಧ ಖಾಲಿ, ಮುಚ್ಚಳ ಬಿಗಿ. ಅದರ ಹೊಟ್ಟೆ ಒಳಗೆ ಹೋಗಿತ್ತು, ಯಾರೋ ಹಿಂಡಿದ ಹಾಗೆ. ಕೈಯಲ್ಲಿ ಹಿಡಿದು ನಿಂತೆ. ಕಾಲೇಜಿಗೆ ಹೋಗುವಾಗ ನೀನು ಇದನ್ನೇ ತೋರಿಸಿ, "ನೋಡಮ್ಮಾ, ಗಾಳಿ ಎಲ್ಲಿಗೂ ಹೋಗಿಲ್ಲ. ಚಳಿಗೆ ಮುದುಡಿದೆ ಅಷ್ಟೆ. ಟಯರಿನಲ್ಲೂ ಹೀಗೇ ಆಗ್ತದೆ" ಎಂದಿದ್ದೆ. ಬಿಸಿಯಾದ ಟಯರಿನ ಗಾಳಿ ಉಬ್ಬಿರುತ್ತದೆ, ಆ ಲೆಕ್ಕ ನಂಬಬಾರದು, ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆಯೇ ನೋಡಬೇಕು ಎಂದೂ ಹೇಳಿದ್ದೆ. ನಿನ್ನ ಅಪ್ಪ ಏನು ಮಾಡುತ್ತಾರೆ ಗೊತ್ತೇ? ಮಧ್ಯಾಹ್ನ ಬಿಸಿಲಿನಲ್ಲಿ ಠಾಣೆಯಿಂದ ಓಡಿಸಿಕೊಂಡು ಬಂದು, ಹಾಗೇ ಪೆಟ್ರೋಲ್ ಪಂಪಿನಲ್ಲಿ ಗಾಳಿ ನೋಡಿಸುತ್ತಾರೆ. ಹೆಚ್ಚು ತೋರಿಸುತ್ತದೆ. ಬಿಡಿಸುತ್ತಾರೆ. ಮರುದಿನ ಬೆಳಗಿನ ಚಳಿಗೆ ಉಳಿದದ್ದೂ ಮುದುಡುತ್ತದೆ. ಭಾನುವಾರದ ಹಿಂದಿನ ದಿನ ಆದದ್ದು ಇದೇ.

ಈ ಭಾನುವಾರ ಸಂಕ್ರಾಂತಿಯ ಸಾಮಾನಿಗೆ ಮತ್ತೆ ಘೋಟಿಗೆ ಹೋಗುತ್ತಾರಂತೆ. ಒಂದು ಟಯರು ಹೊಸದು ಹಾಕಿಸಿದ್ದಾರೆ, ಮೂರು ಅದೇ ಹಳೆಯವು. ಚಳಿ ಇನ್ನೂ ಹೆಚ್ಚುತ್ತದೆ ಎಂದು ಪೇಪರಿನಲ್ಲಿದೆ. ನನಗೆ ಭಯ ನಿಶಾ. ಅನ್ನ ಬಡಿಸುವಾಗ ಭಯ, ಲಿಫ್ಟಿನಲ್ಲಿ ಇಳಿಯುವಾಗ ಭಯ. ಲಿಫ್ಟು ಸ್ವಲ್ಪ ಜಗ್ಗಿದರೆ ಘಾಟಿ.

ಅವರು ಬಂದರು, ನಿಲ್ಲಿಸುತ್ತೇನೆ.

ಗುರುವಾರ

ಮತ್ತೆ ಬರೆಯುತ್ತಿದ್ದೇನೆ. ಮಂಗಳವಾರದ ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಕಳಿಸುವುದೇ ಬೇಡ, ನಿನಗೆ ತೊಂದರೆ ಯಾಕೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ನಾನೇ ಏನಾದರೂ ಮಾಡುತ್ತೇನೆ ಎಂದುಕೊಂಡಿದ್ದೆ. ಮಾಡಿದೆ ಕೂಡ. ಈಗ ಮೊದಲಿಗಿಂತ ಹೆಚ್ಚು ಹೆದರಿದ್ದೇನೆ.

ನಿನ್ನೆ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನೀನು ಬಿಟ್ಟುಹೋದ ಗೇಜು, ಕಾಲಿನಿಂದ ತುಳಿಯುವ ಆ ಪಂಪು ತೆಗೆದುಕೊಂಡು ಕೆಳಗೆ ಇಳಿದೆ. ನೈಟಿಯ ಮೇಲೆ ಸ್ವೆಟರು, ತಲೆಗೆ ಶಾಲು. ನೀನು ಮಾಡುತ್ತಿದ್ದ ಹಾಗೆ ಮುಚ್ಚಳ ಬಿಚ್ಚಿ ಗೇಜು ಒತ್ತಿದೆ. ಮೊದಲ ಸಲ ಗಾಳಿ ಬುಸ್ಸೆಂದು ಹೊರಗೆ ಬಂದು, ಹಾವು ಕಂಡಂತೆ ಹಿಂದೆ ಹಾರಿದೆ. ಎರಡನೆಯ ಸಲ ಇಪ್ಪತ್ತಾರು ತೋರಿಸಿತು. ಕಾರಿನ ಬಾಗಿಲ ಹತ್ತಿರದ ಚೀಟಿಯಲ್ಲಿ ಮೂವತ್ತಮೂರು ಎಂದಿದೆ. ಮತ್ತೆರಡು ಹಳೆಯ ಚಕ್ರಗಳದ್ದೂ ಅದೇ ಪಾಡು. ತುಳಿಯತೊಡಗಿದೆ. ನನ್ನ ಮೊಣಕಾಲಿನ ಕಥೆ ನಿನಗೆ ಗೊತ್ತಲ್ಲ. ಕೃಷ್ಣಾ ಎನ್ನುತ್ತಾ ಒಂದು ತುಳಿತ, ಅಯ್ಯೋ ಎನ್ನುತ್ತಾ ಒಂದು ತುಳಿತ. ಕೆಳಮನೆಯ ಕಾಕಾ ವಾಕಿಂಗ್‌ನಿಂದ ಬಂದವರು ನಿಂತು ನೋಡಿ, "ಕಾಯ್ ಹೋ ಕಾಕೂ, ಸಕಾಳೀ ಸಕಾಳೀ ಜಿಮ್?" ಎಂದು ಬೆಳಗಿನ ಕಸರತ್ತಿನ ತಮಾಷೆ ಮಾಡಿದರು. "ಹೋ, ವಜನ್ ವಾಢಲಂಯ್" ಎಂದು ತೂಕ ಹೆಚ್ಚಿದ ನೆಪ ಹೇಳಿದೆ. ಸೊಸೈಟಿಯಲ್ಲಿ ಈಗ ಮುರಾರಿ ಶೇಟರ ಹೆಂಡತಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಇರಬಹುದು, ಇರಲಿ. ನಾಲ್ಕಕ್ಕೂ ಮೂವತ್ತಮೂರು ಮಾಡಿ ಮೇಲೆ ಬಂದು ಚಹಾ ಕುಡಿದೆ. ಭಾನುವಾರದ ಮೇಲೆ ಮೊದಲ ಸಲ ಬಾಯಿಗೆ ರುಚಿ ಹತ್ತಿತು.

ಮಧ್ಯಾಹ್ನ ಠಾಣೆಯಲ್ಲಿ ಒಂದು ಸೀಮಂತವಿತ್ತು. ಇಬ್ಬರೂ ಹೋಗಿದ್ದೆವು. ಬೆಳಿಗ್ಗೆ ಎಷ್ಟು ಚಳಿಯೋ ಮಧ್ಯಾಹ್ನ ಅಷ್ಟೇ ಬಿಸಿಲು. ಊಟ ಮುಗಿಸಿ, ಶೀಳಫಾಟಾದ ಟ್ರಾಫಿಕ್ಕಿನಲ್ಲಿ ಬೆಂದು ಬರುವಾಗ ಅವರು ಕಾರನ್ನು ಸೀದಾ ಪೆಟ್ರೋಲ್ ಪಂಪಿಗೆ ತಿರುಗಿಸಿದರು. ಪಂಪಿನವನು ನಳಿಗೆ ಹಚ್ಚಿದ. "ಶೇಟ್, ಅಡತೀಸ್ ಹೈ" ಎಂದ.

ಮೂವತ್ತೆಂಟು! ಅವರ ಮುಖ ಅರಳಿತು. ಕಳ್ಳನನ್ನು ಹಿಡಿದವರ ಹಾಗೆ ನನ್ನ ಕಡೆ ತಿರುಗಿ, "ನೋಡಿದೆಯಾ? ಇದೇ! ಗಾಳಿ ಹೆಚ್ಚಾಗಿಯೇ ಒಡೆದದ್ದು. ಇಡ್ಲಿ ಪಾತ್ರೆಯಲ್ಲಿ ಆವಿ ಹೆಚ್ಚಾದ್ರೆ ಮುಚ್ಚಳ ಹಾರುದಿಲ್ವಾ? ಹೆಚ್ಚಾದದ್ದನ್ನು ಬಿಡಬೇಕು" ಎಂದರು. ಪಂಪಿನವನಿಗೆ, "ತೀಸ್ ಕರೋ, ಚಾರೋಂಕೋ" ಎಂದು ನಾಲ್ಕಕ್ಕೂ ಮೂವತ್ತು ಮಾಡಲು ಹೇಳಿದರು.

ನಾನು ತಡೆಯಲಾರದೆ ಬಾಯಿ ಬಿಟ್ಟೆ. "ಬಿಸಿ ಇರುವಾಗ ನೋಡಬಾರದಂತೆ. ಬೆಳಿಗ್ಗೆ ತಣ್ಣಗಿದ್ದಾಗ ನೋಡಬೇಕಂತೆ."

"ಯಾರು ಹೇಳಿದ್ದು?"

ಯಾರು ಹೇಳಿದ್ದು ಎಂದರೆ ನಿನ್ನ ಹೆಸರು ಹೇಳಬೇಕು. ಅವರಿಗೆ ಗೊತ್ತಾಯಿತು. ನಿನ್ನ ಹೆಸರು ನನ್ನ ಬಾಯಿಯಿಂದ ಬರುವ ಮೊದಲೇ ಮುಖ ಆ ಕಡೆ ತಿರುಗಿಸಿ, "ಛೋಡೋ ಭಾಯ್, ಜಲ್ದೀ" ಎಂದರು. ನಾಲ್ಕೂ ಚಕ್ರದಿಂದ ಸುಯ್ಯೆಂದು ಗಾಳಿ ಹೋಗುವುದನ್ನು ಕಾರಿನೊಳಗೆ ಕುಳಿತು ಕೇಳಿದೆ. ನಾನು ಬೆಳಿಗ್ಗೆ ಮೊಣಕಾಲು ನೋಯಿಸಿಕೊಂಡು ತುಂಬಿಸಿದ್ದೆಲ್ಲ ಹೋಯಿತು, ಅದರ ಮೇಲೆ ಇನ್ನಷ್ಟೂ ಹೋಯಿತು. ಇವತ್ತು ಬೆಳಿಗ್ಗೆ ಮತ್ತೆ ಇಳಿದು ನೋಡಿದೆ. ಇಪ್ಪತ್ತೈದು. ಇದು ಡೊಂಬಿವಲಿಯ ಚಳಿಗೆ. ಘೋಟಿಯ ಚಳಿಗೆ ಎಷ್ಟಾಗುತ್ತದೆ ಎಂದು ನೀನು ಲೆಕ್ಕ ಹಾಕು, ನನಗೆ ಹಾಕಲು ಧೈರ್ಯವಿಲ್ಲ.

ನಾನು ತುಂಬಿಸಿದರೆ ಅವರು ಬಿಡಿಸುತ್ತಾರೆ. ನಾನು ಹೆಚ್ಚು ತುಂಬಿಸಿದಷ್ಟೂ ಅವರು ಹೆಚ್ಚು ಬಿಡಿಸುತ್ತಾರೆ. ಸೂರಜನಿಗೆ ಹೇಳಿದೆ. "ಅತ್ತೆ, ನಾನು ಹೇಳಿದ್ರೆ ಮಾಮ ನನ್ನ ಗಾಳಿ ಬಿಡಿಸ್ತಾರೆ" ಎಂದ. ನಗು ಬಂತು, ಆಮೇಲೆ ಅಳು ಬಂತು. ಬೆಕ್ಕಿಗೆ ಗಂಟೆ ಕಟ್ಟುವವಳು ನೀನೊಬ್ಬಳೇ. ಗಾಡಿಯ ವಿಷಯದಲ್ಲಿ ಅವರು ಜಗತ್ತಿನಲ್ಲಿ ಯಾರ ಮಾತನ್ನಾದರೂ ಕೇಳಿದ್ದರೆ ಅದು ನಿನ್ನದು. ಆ ಮಾತನ್ನು ಬೇರೆಯವರ ಬಾಯಿಯಿಂದ ಕೇಳಲಾರರು, ಅದೇ ಅವರ ರೋಗ.

ಅದಕ್ಕೇ ಕೇಳುತ್ತಿದ್ದೇನೆ. ಈ ಕಾಗದ ಕೊರಿಯರ್‌ನಲ್ಲಿ ನಾಳೆ ನಿನಗೆ ಸಿಗುತ್ತದೆ. ಶನಿವಾರ ಸಂಜೆಯೊಳಗೆ ಅವರಿಗೆ ಒಂದು ಫೋನ್ ಮಾಡು. ಗಲ್ಲೆಯ ಮಾತು ಬೇಡ. ನೀನು ಕ್ಷಮೆ ಕೇಳುವುದೂ ಬೇಡ, ಅವರಿಂದ ಕೇಳಿಸುವುದೂ ಬೇಡ. ಹೇಗಿದ್ದೀರಿ ಎಂದೂ ಕೇಳಬೇಡ, ಬೇಕಿದ್ದರೆ ಸಿಟ್ಟಿನಲ್ಲಿಯೇ ಮಾತಾಡು. "ಗಾಡಿ ತಣ್ಣಗಿರುವಾಗ ಮೂವತ್ತಮೂರು ಇರಬೇಕು, ಬಿಸಿ ಇರುವಾಗ ಬಿಡಿಸಬೇಡಿ" ಎಂದು ಹೇಳಿ ಇಟ್ಟುಬಿಡು. ಎರಡು ವಾಕ್ಯ. ನೀನು ನನ್ನ ಹತ್ತಿರ ಮಾತಾಡುವುದಕ್ಕಿಂತ ಕಡಿಮೆ.

ನೀನು ಫೋನ್ ಮಾಡದಿದ್ದರೆ ಭಾನುವಾರ ಅವರು ಹೇಗೂ ಹೊರಡುತ್ತಾರೆ. ನಾನೂ ಹೊರಡುತ್ತೇನೆ. ಇದು ಬೆದರಿಕೆಯಲ್ಲ ಮಗಾ, ನಿನ್ನನ್ನು ಹೆದರಿಸಿ ಏನಾಗಬೇಕಿದೆ ನನಗೆ. ಅವರೊಬ್ಬರನ್ನೇ ಕಳಿಸಿ ಇಲ್ಲಿ ಕಿಟಕಿಯಲ್ಲಿ ಕುಳಿತು ಫೋನು ನೋಡುತ್ತಾ ಕಾಯುವ ಶಕ್ತಿ ನನಗಿಲ್ಲ. ಪಕ್ಕದಲ್ಲಿ ಕುಳಿತು ಹೆದರುವುದು ಸುಲಭ.

ತಳೋಜಾದಲ್ಲಿ ನಿನ್ನ ಫ್ಯಾಕ್ಟರಿಯ ಕಡೆಯೂ ಬೆಳಿಗ್ಗೆ ಚಳಿ ಇರಬಹುದು. ಸ್ಕೂಟರಿನಲ್ಲಿ ಹೋಗುವಾಗ ಕಿವಿ ಮುಚ್ಚಿಕೋ. ಕ್ಯಾಂಟೀನಿನ ಊಟ ಸೇರದಿದ್ದರೆ ಹೇಳು, ಸಾರಿನಪುಡಿ ಮಾಡಿಟ್ಟಿದ್ದೇನೆ, ಯಾರ ಕೈಯಲ್ಲಾದರೂ ಕಳಿಸುತ್ತೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಕೈಕೆಳಗೆ ಹತ್ತು ಜನ ಕೆಲಸ ಮಾಡುವಂತಾಗಲಿ, ನೀನು ಹೇಳಿದ್ದನ್ನು ಅವರು ಮೊದಲ ಸಲಕ್ಕೇ ಕೇಳುವಂತಾಗಲಿ.

ನಿನ್ನ ಅಮ್ಮ
ಸುಗುಣಾ

ತಾ.ಕ.: ಒಂದು ಬರೆಯಲಿಲ್ಲ. ಬರೆಯಬಾರದು ಎಂದುಕೊಂಡಿದ್ದೆ, ಕವರು ಅಂಟಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಘಾಟಿಯಲ್ಲಿ ಟಯರು ಒಡೆದು ಕಾರು ಕಣಿವೆಯ ಕಡೆ ಹಾರಿದಾಗ ನಿನ್ನ ಅಪ್ಪ ಕೂಗಿದರು. ಮನೆಗೆ ಬಂದ ಮೇಲೆ, "ಯಾರನ್ನು ಕೂಗಿದ್ದು?" ಎಂದು ಕೇಳಿದೆ. "ಕೃಷ್ಣಾ ಅಂದೆ, ಮತ್ತೆಂತ ಕೂಗುದು?" ಎಂದರು. ಅವರಿಗೆ ನಿಜವಾಗಿಯೂ ಗೊತ್ತಿಲ್ಲ. ಕೃಷ್ಣಾ ಅಲ್ಲ ಮಗಾ. "ನಿಶಾ, ಗಟ್ಟಿ ಹಿಡ್ಕೋ!" ಎಂದು ಕೂಗಿದರು. ಮೂರು ವರ್ಷದಿಂದ ಆ ಹೆಸರು ಆ ಬಾಯಿಯಿಂದ ನಾನು ಕೇಳಿರಲಿಲ್ಲ. ಮೂವತ್ತೆರಡು ವರ್ಷದಿಂದ ಪಕ್ಕದಲ್ಲಿ ಕೂತವಳು ನಾನು, ಆಗಲೂ ಪಕ್ಕದಲ್ಲೇ ಇದ್ದೆ, ನನ್ನ ಹೆಸರು ಅವರಿಗೆ ನೆನಪಾಗಲಿಲ್ಲ. ಅದಕ್ಕೆ ನನಗೆ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕಾರು ನಿಂತ ಮೇಲೆ ನಡೆದದ್ದನ್ನು ನೋಡಿ ಆ ನೋವೂ ಹೋಯಿತು. ಅವರು ಇಳಿದು ನನ್ನ ಕಡೆ ಬರಲಿಲ್ಲ. ನೀನು ಚಿಕ್ಕವಳಿದ್ದಾಗ ಕೂರುತ್ತಿದ್ದ ಹಿಂದಿನ ಸೀಟಿನ ಬಾಗಿಲು ತೆರೆದರು. ಒಳಗೆ ಟೊಮೆಟೊ, ಅಕ್ಕಿ ಬಿಟ್ಟು ಬೇರೇನೂ ಇರಲಿಲ್ಲ. ಆ ಬಾಗಿಲು ಹಿಡಿದುಕೊಂಡು ತುಂಬ ಹೊತ್ತು ಹಾಗೇ ನಿಂತಿದ್ದರು.